ಟೆಸ್ಟ್ ಕೋಡ್ ಪರಿಶೀಲನೆ: ‘ಉಡುಪಿ’ಯ ಉದ್ದ ಎಷ್ಟು?

ಕೋಡ್ ಬರೆಯಲು ಬಳಸುವ ವಿಎಸ್ ಕೋಡ್ ಎಡಿಟರ್‌ನ ಓಪನ್ ಸೋರ್ಸ್ ಎಕ್ಸ್‌ಟೆನ್ಶನ್‌ಗಳಲ್ಲಿ (ಎಡಿಟರ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂಗಳಲ್ಲಿ) ಕೆಲಸ ಮಾಡಲು ತೊಡಗಿರುವ ಮಂಗಳೂರು, ಉಡುಪಿಯ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಬೇರೆಯವರ ಕೋಡ್ ಪರಿಶೀಲಿಸುವಾಗ ಟೆಸ್ಟ್ ಕಡತವನ್ನು (ಆ ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಕೋಡನ್ನು) ಕೊನೆಗೆ ಬಿಡಬೇಡಿ, ಮೊದಲು ಓದಿ. ಎಲ್ಲ ಟೆಸ್ಟ್‌ಗಳೂ ಪಾಸಾಗಿವೆ ಎಂಬುದು ಅರ್ಧ ಮಾಹಿತಿ ಮಾತ್ರ. ಫೇಲ್ ಆಗಬೇಕಾದಾಗ ಆಗುತ್ತವೆಯೇ ಎಂಬುದನ್ನು ಪರಿಶೀಲಿಸುವವರೇ ನೋಡಬೇಕು.

ಅದಕ್ಕೆ ಒಂದೇ ದಾರಿ. ಅವರ ಬದಲಾವಣೆಗಳಿರುವ ಬ್ರಾಂಚನ್ನು (ಕೋಡ್‌ನ ಪ್ರತ್ಯೇಕ ಕವಲನ್ನು) ಇಳಿಸಿಕೊಂಡು, ದೋಷ ತಿದ್ದಿದ ಸಾಲನ್ನು ಹಿಂದಿನಂತೆಯೇ ಮಾಡಿ, ಟೆಸ್ಟ್ ಓಡಿಸಿ. ಆಗಲೂ ಪಾಸಾದರೆ ಆ ಟೆಸ್ಟ್ ಏನನ್ನೂ ಕಾಯುತ್ತಿಲ್ಲ. ಹೆಚ್ಚಾಗಿ ಕಾರಣ ‘ಅವೇಟ್’ (ಕೆಲಸ ಮುಗಿಯುವವರೆಗೆ ಕಾಯಲು ಹೇಳುವ ಪದ) ಬಿಟ್ಟುಹೋಗಿರುವುದು: ಕಡತ ತೆರೆಯುವುದು, ಪಠ್ಯ ತಿದ್ದುವುದು ಎಲ್ಲವೂ ಪ್ರಾಮಿಸ್ (ಫಲಿತಾಂಶ ಆಮೇಲೆ ಬರುತ್ತದೆ ಎಂಬ ಭರವಸೆ) ಕೊಡುತ್ತವೆ, ಅದು ಮುಗಿಯುವವರೆಗೆ ಕಾಯದಿದ್ದರೆ ಬಂದ ಉತ್ತರದ ಹೋಲಿಕೆ ನಡೆಯುವ ಮೊದಲೇ, ಟೆಸ್ಟ್ ಓಡಿಸುವ ಸಾಧನವಾದ ಮೋಕಾ ಆ ಟೆಸ್ಟನ್ನು ಪಾಸ್ ಎಂದು ಗುರುತಿಸಬಹುದು. ‘ಅರ್ಧ ಸೆಕೆಂಡು ತಡೆ’ ಎಂಬಂಥ ಸಾಲು ಕಂಡರೂ ಒಪ್ಪಬೇಡಿ. ದಾಖಲೆ ಬದಲಾಯಿತೆಂದು ಎಡಿಟರೇ ಇವೆಂಟ್ (ಸೂಚನೆ) ಕಳಿಸುತ್ತದೆ, ಟೆಸ್ಟ್ ಅದಕ್ಕೆ ಕಾಯಲಿ.

ಇನ್ನು ನನಗೆ ಬಹಳ ಮುಖ್ಯವೆನಿಸುವ ವಿಷಯ, ಟೆಸ್ಟ್‌ಗೆ ಕೊಡುವ ಪಠ್ಯ. ವಿಎಸ್ ಕೋಡ್ ಸಾಲಿನೊಳಗಿನ ಸ್ಥಾನವನ್ನು ಯುಟಿಎಫ್-16 ಘಟಕಗಳಲ್ಲಿ ಎಣಿಸುತ್ತದೆ. ಯುಟಿಎಫ್-16, ಯುಟಿಎಫ್-8 ಎಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಖ್ಯೆಗಳಾಗಿ ಬರೆದಿಡುವ ಎರಡು ವಿಧಾನಗಳು. ‘ಉಡುಪಿ’ ಕಣ್ಣಿಗೆ 3 ಅಕ್ಷರ. ಯುಟಿಎಫ್-16ರಲ್ಲಿ 5 ಘಟಕ, ಏಕೆಂದರೆ ಉಕಾರ, ಇಕಾರದ ಚಿಹ್ನೆಗಳಿಗೂ ಪ್ರತ್ಯೇಕ ಸ್ಥಾನವಿದೆ. ಯುಟಿಎಫ್-8ರಲ್ಲಿ 15 ಬೈಟ್. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ: ಮೂರೂ ಅಳತೆ 5! ಇಂಗ್ಲಿಷ್ ಪಠ್ಯವನ್ನಷ್ಟೇ ಕೊಟ್ಟರೆ, ಬೈಟ್ ಎಣಿಸಬಾರದ ಕಡೆ ಕೋಡ್ ಬೈಟ್ ಎಣಿಸಿದರೂ ಟೆಸ್ಟ್ ಸುಮ್ಮನಿರುತ್ತದೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಕರ್ಸರ್ ತಪ್ಪು ಜಾಗದಲ್ಲಿ ನಿಲ್ಲುವಂಥ ದೋಷಗಳು ನುಸುಳುವುದು ಇಂಥ ಕಡೆಯೇ.

ಉಡುಪಿ ಜಿಲ್ಲೆಯ ‘ಕೋಟ’ ಊರಿನ ಹೆಸರು ಇನ್ನೂ ಒಳ್ಳೆಯ ಪರೀಕ್ಷೆ. ಓಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಮಾನದಂಡದಲ್ಲಿ) ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಬರೆದ ‘ಕೋಟ’ದ ಉದ್ದ 3 ಘಟಕ, ಎರಡನೆಯ ರೀತಿಯಲ್ಲಿ 5. ಪರದೆಯ ಮೇಲೆ ಎರಡೂ ಒಂದೇ, ಆದರೆ ನೇರ ಹೋಲಿಕೆಯಲ್ಲಿ ಬೇರೆ ಬೇರೆ. ಹುಡುಕುವ ಎಕ್ಸ್‌ಟೆನ್ಶನ್ ಆಗಿದ್ದರೆ ಎರಡು ರೂಪಕ್ಕೂ ಟೆಸ್ಟ್ ಇರಲೇಬೇಕು. ನಕಲು ಮಾಡುವಾಗ ಒಂದು ರೂಪ ಇನ್ನೊಂದಾಗಿ ಬದಲಾಗದಂತೆ, ಅವನ್ನು ಕೋಡ್ ಪಾಯಿಂಟ್ ಸಂಖ್ಯೆಗಳಲ್ಲಿಯೇ (ಯುನಿಕೋಡ್ ಪ್ರತಿ ಚಿಹ್ನೆಗೂ ಕೊಟ್ಟ ಸಂಖ್ಯೆಗಳಲ್ಲಿಯೇ) ಬರೆಯಲು ಹೇಳಿ.

2024ರಲ್ಲಿ ಯುನಿಕೋಡ್‌ನ 16ನೇ ಆವೃತ್ತಿಗೆ ತುಳು-ತಿಗಳಾರಿ ಲಿಪಿ ಸೇರಿದೆ. ಅದರ ಪ್ರತಿ ಅಕ್ಷರಕ್ಕೂ ಯುಟಿಎಫ್-16ರಲ್ಲಿ 2 ಘಟಕ ಬೇಕು. ಘಟಕಕ್ಕೊಂದು ಅಕ್ಷರವೆಂದು ನಂಬಿದ ಕೋಡ್ ಅಲ್ಲಿ ಅಕ್ಷರವನ್ನು ನಡುವೆಯೇ ಕತ್ತರಿಸುತ್ತದೆ. ನಮ್ಮ ಊರಿನ ಲಿಪಿಯನ್ನು ಟೆಸ್ಟ್‌ಗೆ ಸೇರಿಸಲು ನಾವೇ ಕೇಳಬೇಕು.

ಕೇಳುವಾಗ ‘ಇನ್ನಷ್ಟು ಟೆಸ್ಟ್ ಬರೆಯಿರಿ’ ಎಂದರೆ ಯಾರಿಗೂ ಪ್ರಯೋಜನವಿಲ್ಲ. ಕೊಡಬೇಕಾದ ಪಠ್ಯ, ಬರಬೇಕಾದ ಉತ್ತರ ಎರಡನ್ನೂ ಬರೆಯಿರಿ: ‘ಸಾಲಿನ ಮೊದಲ ತುಳು-ತಿಗಳಾರಿ ಅಕ್ಷರದ ನಂತರ ಕರ್ಸರ್ ಇಟ್ಟರೆ ಸ್ಥಾನ 2 ಬರಬೇಕು, ಈಗ 1 ಬರುತ್ತಿದೆ.’