ಪಾಲಿಶ್ ಮಾಡಿಸಿದ ಬಾಗಿಲು ಬೆಳ್ಳಗೆ ಮಬ್ಬಾಗುವುದೇಕೆ?

ಪ್ರಶ್ನೆ: ದಸರೆಗೆ ಮೊದಲು ಮನೆಯ ತೇಗದ ಹೆಬ್ಬಾಗಿಲಿಗೆ ಲ್ಯಾಕರ್ ಪಾಲಿಶ್ ಮಾಡಿಸಿದೆವು. ಸ್ಪ್ರೇ ಮಾಡುವಾಗ ಚೆನ್ನಾಗಿ ಹೊಳೆಯುತ್ತಿದ್ದ ಬಾಗಿಲು ಸ್ವಲ್ಪ ಹೊತ್ತಿನಲ್ಲೇ ಬೆಳ್ಳಗೆ ಮಬ್ಬಾಯಿತು. ಮರದಲ್ಲಿ ಇನ್ನೂ ಹಸಿ ಇದೆ ಎಂದು ಪೇಂಟರ್ ಹೇಳುತ್ತಾರೆ. ಎಲ್ಲವನ್ನೂ ಕೆರೆದು ಹೊಸದಾಗಿ ಮಾಡಿಸಬೇಕೆ? (ಮಂಡ್ಯದ ಓದುಗರೊಬ್ಬರು)

ಕೆರೆಯುವ ಅಗತ್ಯ ಬಹುಮಟ್ಟಿಗೆ ಇಲ್ಲ, ಮರದ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಮರ ಹಸಿಯಾಗಿದ್ದರೆ ಅದರ ತೊಂದರೆ ಸಾಮಾನ್ಯವಾಗಿ ದಿನಗಳು ಕಳೆದ ಮೇಲೆ ಬಿರುಕು, ಗುಳ್ಳೆ, ಸಿಪ್ಪೆ ಏಳುವಿಕೆಗಳ ರೂಪದಲ್ಲಿ ತಲೆದೋರುತ್ತದೆ. ಹಚ್ಚಿದ ಕೆಲವೇ ನಿಮಿಷಗಳಲ್ಲಿ, ಲೇಪ ಇನ್ನೂ ಹಸಿಯಾಗಿರುವಾಗಲೇ ಮೈಯೆಲ್ಲ ಬಿಳಿಚಿಕೊಂಡರೆ ಅದು ಪೇಂಟ್ ಉದ್ಯಮದವರು ಬ್ಲಶಿಂಗ್ ಎಂದು ಕರೆಯುವ ದೋಷ. ಅದಕ್ಕೆ ಕಾರಣ ಆ ಹೊತ್ತಿನ ಗಾಳಿಯಲ್ಲಿದ್ದ ತೇವ ಮತ್ತು ಡಬ್ಬದಲ್ಲಿದ್ದ ಥಿನ್ನರ್, ಅಂದರೆ ಲ್ಯಾಕರನ್ನು ತೆಳುಮಾಡಲು ಬೆರೆಸುವ ದ್ರಾವಕ.

ಥಿನ್ನರ್ ಕೈಗೆ ತಾಗಿದಾಗ ಚುರ್ರೆಂದು ತಣ್ಣಗಾಗುವುದನ್ನು ಎಲ್ಲರೂ ಬಲ್ಲರು. ದ್ರಾವಕ ಆವಿಯಾಗಲು ಬೇಕಾದ ಶಾಖವನ್ನು ತಾನಿರುವ ಮೇಲ್ಮೈಯಿಂದಲೇ ಎಳೆದುಕೊಳ್ಳುತ್ತದೆ. ಬಾಗಿಲಿನ ಮೇಲೂ ಇದೇ ನಡೆಯುತ್ತದೆ. ಲೇಪದ ಮೈ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗಿ ಇಬ್ಬನಿ ಬಿಂದುವಿಗಿಂತ (ಗಾಳಿಯಲ್ಲಿನ ನೀರಾವಿ ಹನಿಗಟ್ಟತೊಡಗುವ ಉಷ್ಣತೆಗಿಂತ) ಕೆಳಗಿಳಿದರೆ, ಫ್ರಿಜ್‌ನಿಂದ ತೆಗೆದಿಟ್ಟ ಬಾಟಲಿಯ ಹೊರಮೈ ಬೆವರುವಂತೆ, ಗಾಳಿಯಲ್ಲಿರುವ ನೀರಾವಿ ಅದರ ಮೇಲೆ ಹನಿಗಟ್ಟುತ್ತದೆ. ಮಾರ್ಚ್ ತಿಂಗಳ ಒಂದು ಒಣ ಮಧ್ಯಾಹ್ನ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 40 ಇದೆ ಎಂದುಕೊಳ್ಳಿ. ಆಗ ಇಬ್ಬನಿ ಬಿಂದು ಸುಮಾರು 17 ಡಿಗ್ರಿ ಇರುವುದರಿಂದ ಲೇಪ ಹಲವು ಡಿಗ್ರಿ ತಣ್ಣಗಾದರೂ ಅಪಾಯ ಕಡಿಮೆ. ಮಳೆ ನಿಂತ ಸಂಜೆ 25 ಡಿಗ್ರಿ ಉಷ್ಣತೆ, ಶೇ. 85 ಆರ್ದ್ರತೆ ಇದ್ದರೆ ಇಬ್ಬನಿ ಬಿಂದು 22 ಡಿಗ್ರಿಯನ್ನು ದಾಟಿರುತ್ತದೆ. ಅಂತರ ಮೂರು ಡಿಗ್ರಿಗೂ ಕಡಿಮೆ. ಆಯುಧಪೂಜೆಯೊಳಗೆ ಕೆಲಸ ಮುಗಿಯಲೇಬೇಕು ಎಂಬ ನಮ್ಮ ಅವಸರ ವರ್ಷದ ಇಂಥ ದಿನಗಳಲ್ಲೇ ಬಂದು ಕೂರುತ್ತದೆ.

ನೀರು ಕುಳಿತ ಮಾತ್ರಕ್ಕೆ ಲೇಪ ಬಿಳಿಯಾಗಬೇಕಿಲ್ಲ. ಮುಂದೆ ಏನಾಗುತ್ತದೆ ಎಂಬುದು ಥಿನ್ನರ್‌ನ ಗುಣವನ್ನು ಅವಲಂಬಿಸಿದೆ. ಲ್ಯಾಕರ್‌ನ ಮುಖ್ಯ ಪದಾರ್ಥವಾದ ನೈಟ್ರೋಸೆಲ್ಯುಲೋಸನ್ನು ಕರಗಿಸಬಲ್ಲ ಅಸಿಟೋನ್ 56 ಡಿಗ್ರಿಯಲ್ಲೂ ಈಥೈಲ್ ಅಸಿಟೇಟ್ 77 ಡಿಗ್ರಿಯಲ್ಲೂ ಕುದಿಯುತ್ತವೆ, ಆದ್ದರಿಂದ ಬೇಗ ಹಾರಿಹೋಗುತ್ತವೆ. ಅಗ್ಗದ ಥಿನ್ನರ್‌ನಲ್ಲಿ ಅವು ಹೋದ ಮೇಲೆ ಉಳಿಯುವುದು ತಾನಾಗಿ ನೈಟ್ರೋಸೆಲ್ಯುಲೋಸನ್ನು ಕರಗಿಸಲಾರದ ಟೊಲುಯೀನ್‌ನಂಥವು ಮತ್ತು ಈ ನೀರು. ಆಗ ನೈಟ್ರೋಸೆಲ್ಯುಲೋಸ್ ಪಾರದರ್ಶಕ ಪದರವಾಗಿ ಕೂಡಿಕೊಳ್ಳುವ ಬದಲು ಸೂಕ್ಷ್ಮ ಕಣಗಳಾಗಿ ಒಡೆದು ನಿಲ್ಲುತ್ತದೆ, ನಡುವಿನ ಸಣ್ಣ ಸಣ್ಣ ಪೊಳ್ಳುಗಳು ಬೆಳಕನ್ನು ಚದುರಿಸುತ್ತವೆ, ಕಣ್ಣಿಗೆ ಬಿಳುಪು ಕಾಣುತ್ತದೆ. ಕೆತ್ತನೆಯ ಸಂದಿಗಳಲ್ಲಿ, ಲೇಪ ದಪ್ಪಗೆ ನಿಂತ ಕಡೆಗಳಲ್ಲಿ ಇದು ಎದ್ದು ತೋರುತ್ತದೆ. ಬೇಗ ಒಣಗಲಿ ಎಂದು ಬಾಗಿಲಿಗೆ ನೇರವಾಗಿ ಟೇಬಲ್ ಫ್ಯಾನ್ ಹಚ್ಚುವುದು ನಮ್ಮಲ್ಲಿ ರೂಢಿಯಾಗಿದೆ. ಆವಿಯಾಗುವ ವೇಗ ಹೆಚ್ಚಿದಷ್ಟೂ ಮೈ ತಣ್ಣಗಾಗುವುದರಿಂದ ತೇವದ ದಿನದಲ್ಲಿ ಇದಕ್ಕಿಂತ ಕೆಟ್ಟ ಉಪಾಯ ಇಲ್ಲವೆನ್ನಬೇಕು.

ಪರಿಹಾರವೂ ಇಲ್ಲಿಂದಲೇ ಹೊರಡುತ್ತದೆ. ಬಿಳುಪಿನ ಮೇಲೆ ಅದೇ ಥಿನ್ನರ್ ಬೆರೆಸಿ ಇನ್ನೊಂದು ಕೋಟ್ ಹೊಡೆಸಬೇಡಿ, ಎಮರಿ ಪೇಪರ್‌ಗೂ ಈಗಲೇ ಕೈಹಾಕಬೇಡಿ. ಬಿಸಿಲು ಬಂದ ಒಣ ದಿನಕ್ಕಾಗಿ ಕಾಯಿರಿ. ಮಬ್ಬು ತೆಳುವಾಗಿದ್ದರೆ ಕೆಲವೊಮ್ಮೆ ತಾನಾಗಿಯೇ ತಿಳಿಯಾಗುತ್ತದೆ. ಆಗದಿದ್ದರೆ ಪೇಂಟ್ ಅಂಗಡಿಯಲ್ಲಿ ರಿಟಾರ್ಡರ್ ಎಂದು ಕೇಳಿ ತನ್ನಿ. ಇದು ನಿಧಾನವಾಗಿ ಆರುವ ದ್ರಾವಕ. ಇದರಲ್ಲಿ ಬಳಸುವ ಬ್ಯುಟೈಲ್ ಸೆಲ್ಲೋಸಾಲ್ವ್ ಕುದಿಯುವುದು 171 ಡಿಗ್ರಿಯಲ್ಲಿ. ಮೊದಲು ಬಾಗಿಲಿನ ಹಿಂಬದಿಯ ಕೆಳಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ, ಬಿಳುಪು ಕರಗಿ ಒಣಗಿದ ಮೇಲೂ ತಿಳಿಯಾಗಿಯೇ ಉಳಿದರೆ ಇಡೀ ಬಾಗಿಲಿಗೆ ಥಿನ್ನರ್ ಬೆರೆಸಿದ ರಿಟಾರ್ಡರನ್ನು ತೀರ ತೆಳ್ಳಗೆ ಸ್ಪ್ರೇ ಮಾಡಿಸಿ. ಪದರ ಮತ್ತೆ ಕರಗಿ, ಸಿಕ್ಕಿಬಿದ್ದ ತೇವ ಹೊರಹೋಗಿ, ನೈಟ್ರೋಸೆಲ್ಯುಲೋಸ್ ಸರಿಯಾಗಿ ಕೂಡಿಕೊಳ್ಳುತ್ತದೆ. ಡಬ್ಬದ ಮೇಲೆ ಬರೆದ ಪ್ರಮಾಣವನ್ನು ಮೀರಿದರೆ ಮಾತ್ರ ಲೇಪ ಬಹಳ ಕಾಲ ಮೆತ್ತಗೇ ಉಳಿದು, ನಿಂತ ಬಾಗಿಲಿನ ಮೇಲೆ ಸೋರಿ ಇಳಿಯುತ್ತದೆ. ಇವೆಲ್ಲ ಹೊತ್ತಿಕೊಳ್ಳುವ ವಸ್ತುಗಳಾದ್ದರಿಂದ ಕೆಲಸ ನಡೆಯುವಾಗ ಹೊಸ್ತಿಲ ದೀಪವೂ ದೇವರ ಮನೆಯ ದೀಪವೂ ಆರಿರಲಿ.

ಈ ಉಪಾಯ ಗಟ್ಟಿಕಾರಕ ಬೆರೆಸಿ ಹಚ್ಚುವ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಪಾಲಿಶ್‌ಗೆ ಒದಗುವುದಿಲ್ಲ, ಏಕೆಂದರೆ ಅವು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಅಲ್ಲಿ ಉಜ್ಜಿ ತೆಗೆಯುವುದೇ ದಾರಿ.

ಹಳೆಯ ಅರಗಿನ ಪಾಲಿಶ್‌ನಲ್ಲೂ ಈ ದೋಷ ಉಂಟು. ಮೈಸೂರು ಸೀಮೆಗೆ ಅರಗು ಹೊಸದಲ್ಲ. ಇಂದು ಚುನಾವಣೆಯ ಶಾಯಿಯಿಂದ ಹೆಸರಾಗಿರುವ ಮೈಸೂರಿನ ಕಾರ್ಖಾನೆ 1937ರಲ್ಲಿ ಆರಂಭವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು. ಅರಗನ್ನು ಕರಗಿಸುವ ಸ್ಪಿರಿಟ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಮುಚ್ಚಳ ಸಡಿಲಿಸಿ ಇಟ್ಟ ಹಳೆಯ ಸ್ಪಿರಿಟ್‌ನಲ್ಲಿ ಮಾಡಿದ ಪಾಲಿಶ್ ಒಳ್ಳೆಯ ಹವೆಯಲ್ಲೂ ಮಬ್ಬಾಗಬಹುದು. ಒಣ ದಿನದಲ್ಲಿ ಹತ್ತಿಬಟ್ಟೆಯ ಉಂಡೆಗೆ ಹೊಸ ಸ್ಪಿರಿಟನ್ನು ಸ್ವಲ್ಪವೇ ತಾಗಿಸಿ ಹಗುರವಾಗಿ ಒರೆಸಿದರೆ ಅದು ಸಾಮಾನ್ಯವಾಗಿ ತಿಳಿಯಾಗುತ್ತದೆ.

ಮುಂದಿನ ಸಲ ಕೆಲಸವನ್ನು ಬೆಳಗಿನ ಮಂಜು ಹೋದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ ಇಟ್ಟುಕೊಳ್ಳಿ. ನಾಲೆಯ ಬಯಲಿನ ಗದ್ದೆಗಳ ನಡುವೆ ಮನೆಯಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಲೇಪ ಹಚ್ಚುವ ಮೈ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಎಂಬುದು ಲೇಪನ ಕೆಲಸದಲ್ಲಿ ಒಪ್ಪಿತವಾದ ನಿಯಮ. ಬೇಗ ಆರುವ ಲ್ಯಾಕರ್‌ಗೆ ಅದಕ್ಕಿಂತ ಹೆಚ್ಚಿನ ಅಂತರವಿದ್ದರೇ ಒಳಿತು. ಸ್ಪ್ರೇ ಶುರುಮಾಡುವ ಮೊದಲು ಕಂಪ್ರೆಸರ್ ಟ್ಯಾಂಕಿನ ತಳದ ವಾಲ್ವ್ ತಿರುಗಿಸಿ ನಿಂತ ನೀರನ್ನು ಬಸಿಯುವಂತೆ ಪೇಂಟರ್‌ಗೆ ಹೇಳಿ. ಆ ನೀರು ಗನ್ನಿನ ಮೂಲಕ ಬಂದರೆ ಮಬ್ಬು ಎಲ್ಲೆಡೆ ಹರಡದೆ ಅಲ್ಲಲ್ಲಿ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ.