ಸರ್ವರ್ ಡೌನ್ ಅಂದ್ರೆ ಯಾವ ಸರ್ವರ್?

ಯುಪಿಐ ಪೇಮೆಂಟ್ ಮೇಲಿಂದ ಮೇಲೆ ಫೇಲ್ ಆಗತೊಡಗಿದರೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಸರ್ವರ್ ಡೌನ್ ಅದರಿ." ಕೆಲವರು ಕ್ಯೂಆರ್ ಸ್ಟಿಕ್ಕರ್ ಕೆಟ್ಟಿದೆ ಅಂತ ಹೊಸದು ಅಂಟಿಸುತ್ತಾರೆ. ಆ ಸ್ಟಿಕ್ಕರ್‌ನಲ್ಲಿ ಮುಖ್ಯವಾಗಿ ಇರುವುದು ಅಂಗಡಿಯ ಯುಪಿಐ ವಿಳಾಸ. ಸ್ಕ್ಯಾನ್ ಮಾಡಿದಾಗ ಅಂಗಡಿ ಹೆಸರು ಸರಿಯಾಗಿ ಬಂತಾ? ಬಂದರೆ ಅದರ ಕೆಲಸ ಮುಗೀತು, ತಪ್ಪು ಮುಂದೆಲ್ಲೋ ಇದೆ.

ಮುಂದೆ ಆ್ಯಪ್ ಇದೆ, ನಡುವೆ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ವ್ಯವಸ್ಥೆ ಇದೆ. ದುಡ್ಡು ಕಳೆಯುವ ಗಿರಾಕಿಯ ಬ್ಯಾಂಕ್ ಒಂದು ಕಡೆ, ಜಮಾ ಮಾಡುವ ಅಂಗಡಿಯವರ ಬ್ಯಾಂಕ್ ಇನ್ನೊಂದು ಕಡೆ. ಗಲ್ಲೆ ಮೇಲೆ ಕೂತವರೇ ಇದನ್ನು ಪತ್ತೆ ಮಾಡಬಹುದು. ಒಬ್ಬರ ಪೇಮೆಂಟ್ ಹೋಗಲಿಲ್ಲ, ಅವರ ಹಿಂದೆ ನಿಂತವರದು ಹೋಯಿತು ಅನ್ನಿ. ಅಂಗಡಿಯ ಬ್ಯಾಂಕ್ ಸರಿ ಇದೆ ಅಂತಾಯ್ತು. ಫೇಲ್ ಆದವರೆಲ್ಲ ಒಂದೇ ಬ್ಯಾಂಕಿನವರಾದರೆ ಅನುಮಾನ ಅಲ್ಲಿಗೆ ಹೋಗುತ್ತದೆ. ಯಾವ ಬ್ಯಾಂಕಿನವರದೂ ಹೋಗದೆ, ಪಕ್ಕದ ಅಂಗಡಿಯಲ್ಲಿ ಮಾತ್ರ ಹೋಗುತ್ತಿದ್ದರೆ ನಿಮ್ಮ ಬ್ಯಾಂಕನ್ನೇ ಕೇಳಬೇಕು. ಬ್ಯಾಲೆನ್ಸ್ ಇಲ್ಲದ್ದು, ಪಿನ್ ತಪ್ಪಿದ್ದು ಈ ಲೆಕ್ಕಕ್ಕೆ ಬರಲ್ಲ. ಅವಕ್ಕೆ ಝಡ್9, ಝಡ್‌ಎಂ ಅಂತ ಬೇರೆಯೇ ಎರರ್ ಕೋಡ್ ಇವೆ. ಜಾತ್ರೆ ದಿನ ವ್ಯಾಪಾರ ಎರಡು ಪಟ್ಟಾದರೆ ಫೇಲ್ ಕೂಡ ಎರಡು ಪಟ್ಟಾಗುವುದು ಸಹಜ. ನೂರಕ್ಕೆ ಎಷ್ಟು ಅನ್ನೋದನ್ನು ನೋಡಿ.

ಆದರೆ ನನಗೆ ಬಹಳ ಇಷ್ಟವಾದ ಪ್ರಶ್ನೆ ಬೇರೆ. ನಿನ್ನೆವರೆಗೆ ಸಲೀಸಾಗಿ ನಡೆದ ವ್ಯವಸ್ಥೆ ಇವತ್ತು ಒಮ್ಮೆಲೇ ಕುಸಿಯೋದು ಹೇಗೆ? ತೊಗರಿ ಸುಗ್ಗಿಯಲ್ಲಿ ಗಂಜ್ ಮಾರ್ಕೆಟ್‌ನ ಒಂದು ತೂಕದ ಕಾಟಾ ನೆನೆಸಿಕೊಳ್ಳಿ. ಒಂದು ಗಾಡಿ ತೂಗಲು ಸರಾಸರಿ 1 ನಿಮಿಷ. ಗಾಡಿಗಳು ಗಡಿಯಾರ ನೋಡಿ ಬರಲ್ಲ, ಒಮ್ಮೆ ಗುಂಪಾಗಿ ಬರುತ್ತವೆ, ಒಮ್ಮೆ ಯಾರೂ ಇರಲ್ಲ. ಕಾಟಾ ಅರ್ಧ ಹೊತ್ತು ಖಾಲಿ ಇದ್ದರೆ ಕಾಯೋದು, ತೂಗೋದು ಸೇರಿ ಒಂದು ಗಾಡಿಗೆ ಸರಾಸರಿ 2 ನಿಮಿಷ. ಕಾಟಾಕ್ಕೆ ನೂರಕ್ಕೆ 90 ಭಾಗ ಹೊತ್ತು ಕೆಲಸ ಸಿಕ್ಕರೆ 10 ನಿಮಿಷ. 99 ಭಾಗ ಸಿಕ್ಕರೆ 100 ನಿಮಿಷ! 90ರಿಂದ 99ಕ್ಕೆ ಹೋಗಲು ಹತ್ತಕ್ಕೆ ಒಂದು ಗಾಡಿ ಜಾಸ್ತಿ ಬಂದರೆ ಸಾಕು, ಒಟ್ಟು ಹಿಡಿಯೋ ಹೊತ್ತು ಹತ್ತು ಪಟ್ಟಾಗುತ್ತದೆ. ಈ ಗಣಿತಕ್ಕೆ ಬುನಾದಿ ಹಾಕಿದವರು ಡೆನ್ಮಾರ್ಕ್‌ನ ಎ. ಕೆ. ಅರ್ಲಾಂಗ್. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಅವರ ಮೊದಲ ಲೇಖನ ಬಂದದ್ದು 1909ರಲ್ಲಿ.

ಬ್ಯಾಂಕಿನ ಕಂಪ್ಯೂಟರ್‌ಗೂ ಇದೇ ನಿಯಮ. ಉತ್ತರ ತಡವಾದರೆ ಆ್ಯಪ್ ಕಾದು ಸುಸ್ತಾಗಿ "ಆ ಪೇಮೆಂಟ್ ಏನಾಯ್ತು?" ಅಂತ ಮತ್ತೆ ಕೇಳುತ್ತದೆ. ಆ ಪ್ರಶ್ನೆಯೂ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಸಾಲು ಉದ್ದವಾದಷ್ಟೂ ಪ್ರಶ್ನೆ ಜಾಸ್ತಿ, ಪ್ರಶ್ನೆ ಜಾಸ್ತಿಯಾದಷ್ಟೂ ಸಾಲು ಉದ್ದ. 2025ರ ಏಪ್ರಿಲ್ 12ರಂದು ದೇಶದ ತುಂಬ ಯುಪಿಐ ಕೈಕೊಟ್ಟಾಗ ಎನ್‌ಪಿಸಿಐ ಕಂಡುಕೊಂಡ ಕಾರಣ ಇದೇ: ಕೆಲವು ಬ್ಯಾಂಕುಗಳು ಹಳೇ ವಹಿವಾಟುಗಳ ಸ್ಥಿತಿಯನ್ನೂ ಪದೇ ಪದೇ ಕೇಳುತ್ತಿದ್ದವು. ಆಮೇಲೆ ಒಂದು ವಹಿವಾಟಿನ ಸ್ಥಿತಿಯನ್ನು 3 ಸಲಕ್ಕಿಂತ ಹೆಚ್ಚು ಕೇಳಬಾರದು ಅಂತಾಯ್ತು. 2025ರ ಆಗಸ್ಟ್‌ನಿಂದ ಬ್ಯಾಲೆನ್ಸ್ ನೋಡೋದಕ್ಕೂ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲದ ಮಿತಿ ಬಂತು.

ಹಾಗಾಗಿ "ಇನ್ನೊಮ್ಮೆ ಹೊಡೀರಿ ಅಣ್ಣಾ" ಅನ್ನೋ ನಮ್ಮ ಅಭ್ಯಾಸದ ಬಗ್ಗೆ ನನಗೆ ನಿಜಕ್ಕೂ ಚಿಂತೆ. ಎಲ್ಲರೂ ಒಮ್ಮೆಲೇ ಮತ್ತೆ ಮತ್ತೆ ಹೊಡೆದರೆ ಸಾಲು ಬೆಳೆಯುತ್ತದೆ. ಜೊತೆಗೆ ಒಂದೇ ಸಾಮಾನಿಗೆ ಎರಡು ಸಲ ದುಡ್ಡು ಹೋಗುವ ಅಪಾಯವೂ ಇದೆ. ಪೆಂಡಿಂಗ್ ಅಂತ ತೋರಿಸಿದರೆ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಬರೆದುಕೊಳ್ಳಿ, ಆ ಹೊತ್ತಿಗೆ ನಗದು ಕೊಡಿ. ದುಡ್ಡು ಕಟ್ ಆಗಿ ಅಂಗಡಿಗೆ ಖಾತ್ರಿ ಬರದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ 5 ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಬ್ಯಾಂಕೇ ಕೊಡಬೇಕು.