ಹೋಮಿಯೋಪಥಿ ವೈದ್ಯನ ಮೊದಲ ಕೆಲಸ ರೋಗ ಗುರುತಿಸುವುದು

ನೀಟ್ ಫಲಿತಾಂಶ ಬಂದು ಕೆಇಎ ಕೌನ್ಸೆಲಿಂಗ್ ಆರಂಭವಾಗುವ ಹೊತ್ತಿಗೆ ನನ್ನ ಚಿಕಿತ್ಸಾಲಯಕ್ಕೆ ರೋಗಿಗಳಲ್ಲದವರೂ ಬರತೊಡಗುತ್ತಾರೆ. ಮಗಳಿಗೆ ಎಂಬಿಬಿಎಸ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿಲ್ಲ, ಇನ್ನೊಂದು ವರ್ಷ ಕೋಚಿಂಗ್‌ಗೆ ಕಳಿಸುವ ಮನಸ್ಸಿಲ್ಲ, ಹೋಮಿಯೋಪಥಿ ಪದವಿಯಾದ ಬಿಎಚ್‌ಎಂಎಸ್ ಸೇರಿಸಿದರೆ ಹೇಗೆ ಸರ್ ಎಂದು ಕೇಳುವ ತಂದೆತಾಯಿಯರು ಅವರು. ಹೇಗಿದ್ದರೂ ಹೆಸರಿನ ಹಿಂದೆ ಡಾಕ್ಟರ್ ಎಂದು ಬರುತ್ತದಲ್ಲ ಎಂಬ ಸಮಾಧಾನವೂ ಆ ಪ್ರಶ್ನೆಯೊಳಗೇ ಇರುತ್ತದೆ. ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದರೊಂದಿಗೆ ಯಾವ ಅಧಿಕಾರ ಬರುತ್ತದೆ, ಯಾವುದು ಬರುವುದಿಲ್ಲ, ಯಾವ ಹೊಣೆ ತಪ್ಪಿಸಿಕೊಳ್ಳಲಾಗದಂತೆ ಹೆಗಲೇರುತ್ತದೆ ಎಂಬುದನ್ನು ಸೀಟು ಹಿಡಿಯುವ ಮೊದಲೇ ತಿಳಿದುಕೊಂಡವರು ಕಡಿಮೆ. ಹಗಲು ಕಾಲೇಜಿನಲ್ಲಿ ಪಾಠ ಮಾಡಿ ಸಂಜೆ ರೋಗಿಗಳನ್ನು ನೋಡುವ ನನಗೆ ಈ ಪದವಿಯ ಎರಡೂ ತುದಿಗಳು ಕಾಣುವುದರಿಂದ, ಒಳಗಿನವನೊಬ್ಬನ ಮಾತಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ರವೇಶದ ಕ್ರಮ ಸರಳವಾಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ನೀಟ್ ಬರೆದು ಅರ್ಹತೆ ಪಡೆಯಲೇಬೇಕು. ನಮ್ಮ ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ, ಅಖಿಲ ಭಾರತ ಕೋಟಾದ ಸೀಟುಗಳಿಗೆ ಆಯುಷ್ ಸಚಿವಾಲಯದ ಕೇಂದ್ರ ಕೌನ್ಸೆಲಿಂಗ್ ಸಮಿತಿ ಬೇರೆಯಾಗಿ ಇದೆ. ಬೆಂಗಳೂರಿನ ಸರ್ಕಾರಿ ಕಾಲೇಜನ್ನೂ ಒಳಗೊಂಡು ರಾಜ್ಯದ ಹೋಮಿಯೋಪಥಿ ಕಾಲೇಜುಗಳು ಸಾಮಾನ್ಯವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಈ ಪದ್ಧತಿ ಕರ್ನಾಟಕಕ್ಕೆ ಹೊಸದೇನಲ್ಲ. ಜರ್ಮನಿಯಿಂದ ಬಂದ ಜೆಸ್ಯೂಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಹಂಚಲು ಆರಂಭಿಸಿದ್ದು 1880ರಲ್ಲಿ. ಆದರೆ ಅದಕ್ಕೆ ದೇಶದುದ್ದಕ್ಕೂ ಒಂದೇ ಬಗೆಯ ಪದವಿ, ಒಂದೇ ಬಗೆಯ ಕಟ್ಟಳೆ ಬರಲು ಆಮೇಲೆ ಸುಮಾರು ನೂರು ವರ್ಷ ಬೇಕಾಯಿತು. 1973ರ ಕೇಂದ್ರ ಕಾಯ್ದೆ ಆ ಕೆಲಸ ಮಾಡಿತು. ಈಗ ಅದರ ಜಾಗದಲ್ಲಿ 2020ರ ರಾಷ್ಟ್ರೀಯ ಹೋಮಿಯೋಪಥಿ ಆಯೋಗ ಕಾಯ್ದೆ ಇದೆ.

ವ್ಯಾಸಂಗದ ಅವಧಿ ಐದೂವರೆ ವರ್ಷ. 2022ರ ನಿಯಮಾವಳಿಯಂತೆ ಮೊದಲ ಹಂತ 18 ತಿಂಗಳು, ಆಮೇಲಿನ ಮೂರು ಹಂತಗಳು ತಲಾ 12 ತಿಂಗಳು, ಕೊನೆಗೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಅಂಗರಚನೆ, ಶರೀರಕ್ರಿಯೆ, ರೋಗಲಕ್ಷಣಶಾಸ್ತ್ರ, ನ್ಯಾಯವೈದ್ಯಶಾಸ್ತ್ರ, ಸಮುದಾಯ ವೈದ್ಯಶಾಸ್ತ್ರ, ಶಸ್ತ್ರಚಿಕಿತ್ಸೆ, ಸ್ತ್ರೀರೋಗ ಮತ್ತು ಪ್ರಸೂತಿ ಇವೆಲ್ಲ ಇಲ್ಲಿಯೂ ಇವೆ. ಇವುಗಳ ಜೊತೆಗೆ ಆರ್ಗನನ್ (ಹೋಮಿಯೋಪಥಿಯ ಮೂಲತತ್ವಗಳ ಗ್ರಂಥ), ಮೆಟೀರಿಯಾ ಮೆಡಿಕಾ (ಔಷಧಗಳ ಗುಣಲಕ್ಷಣ), ರೆಪರ್ಟರಿ (ಲಕ್ಷಣದಿಂದ ಔಷಧ ಹುಡುಕುವ ಸೂಚಿ), ಹೋಮಿಯೋಪಥಿಕ್ ಫಾರ್ಮಸಿ (ಔಷಧ ತಯಾರಿಕೆ) ಎಂಬ ನಾಲ್ಕು ಸ್ವಂತ ವಿಷಯಗಳು. ಎಂಬಿಬಿಎಸ್‌ನವರು ಓದುವುದನ್ನೆಲ್ಲ ಓದಿ ಅದರ ಮೇಲೆ ಇದನ್ನೂ ಓದುತ್ತೇವೆ ಎಂದು ನಮ್ಮ ವಿದ್ಯಾರ್ಥಿಗಳು ಹೆಮ್ಮೆಯಿಂದ ಹೇಳುವುದುಂಟು. ಪಠ್ಯಕ್ರಮದ ಪಟ್ಟಿ ನೋಡಿದರೆ ಹಾಗೆ ಕಾಣಬಹುದು, ವಾರ್ಡಿನಲ್ಲಿ ಕಳೆದ ಗಂಟೆಗಳನ್ನು ಎಣಿಸಿದರೆ ಹಾಗೆ ಕಾಣುವುದಿಲ್ಲ. ಈ ವ್ಯತ್ಯಾಸವನ್ನು ಮುಚ್ಚಿಡುವುದರಿಂದ ನಮಗೇ ನಷ್ಟ.

ಮೊದಲ ವರ್ಷದ ಫಾರ್ಮಸಿ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗೆ ಟ್ರಿಚುರೇಶನ್, ಅಂದರೆ ಔಷಧವನ್ನು ಅರೆದು ತಯಾರಿಸುವ ಕ್ರಮ, ಕಲಿಸುತ್ತಾರೆ. ಒಂದು ಪಾಲು ಮೂಲದ್ರವ್ಯಕ್ಕೆ 99 ಪಾಲು ಹಾಲಿನ ಸಕ್ಕರೆ. ಆ ಸಕ್ಕರೆಯನ್ನು ಮೂರು ಭಾಗ ಮಾಡಿ, ಪ್ರತಿ ಭಾಗ ಸೇರಿಸಿದಾಗಲೂ ಆರು ನಿಮಿಷ ಅರೆದು ನಾಲ್ಕು ನಿಮಿಷ ಕೆರೆದು, ಮತ್ತೆ ಆರು ನಿಮಿಷ ಅರೆದು ನಾಲ್ಕು ನಿಮಿಷ ಕೆರೆಯಬೇಕು. ಒಂದು ಪೊಟೆನ್ಸಿ, ಅಂದರೆ ಹೀಗೆ ತೆಳುಗೊಳಿಸಿದ ಒಂದು ಹಂತ, ಸಿದ್ಧವಾಗಲು ಒಟ್ಟು ಒಂದು ಗಂಟೆ. ದ್ರವರೂಪದ ಔಷಧವಾದರೆ ಒಂದಕ್ಕೆ 99ರಂತೆ ಆಲ್ಕೊಹಾಲ್ ಸೇರಿಸಿ ಕುಲುಕುತ್ತ ಹೋಗಬೇಕು. ಕೈ ನೋಯುವವರೆಗೆ ಅರೆದ ಹುಡುಗರಲ್ಲಿ ಯಾರಾದರೊಬ್ಬರು ಪಿಯುಸಿ ರಸಾಯನಶಾಸ್ತ್ರವನ್ನು ನೆನಪಿಸಿಕೊಂಡು, ಅವೊಗಾಡ್ರೊ ಸಂಖ್ಯೆಯ ಲೆಕ್ಕದಲ್ಲಿ 12ನೆಯ ಸೆಂಟೆಸಿಮಲ್ (ಒಂದಕ್ಕೆ 99ರ ಕ್ರಮದ) ಪೊಟೆನ್ಸಿ ದಾಟಿದ ಮೇಲೆ ಮೂಲದ್ರವ್ಯದ ಒಂದು ಅಣುವೂ ಉಳಿಯುವ ಸಂಭವವಿಲ್ಲವಲ್ಲ ಸರ್, ಹಾಗಾದರೆ 30 ಮತ್ತು 200 ಎಂದು ನಾವು ಬರೆದುಕೊಡುವುದರಲ್ಲಿ ಇರುವುದೇನು ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅದನ್ನು ಅಶ್ರದ್ಧೆಯೆಂದು ಬಗೆದು ಬಾಯಿ ಮುಚ್ಚಿಸುವ ಅಧ್ಯಾಪಕರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಬ್ರಿಟನ್ನಿನ ಸಂಸತ್ತಿನ ವಿಜ್ಞಾನ ಸಮಿತಿ 2010ರಲ್ಲಿ, ಹೋಮಿಯೋಪಥಿ ಔಷಧಗಳ ಪರಿಣಾಮ ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಗುಳಿಗೆಯ, ಪರಿಣಾಮಕ್ಕಿಂತ ಹೆಚ್ಚಿನದಲ್ಲ ಎಂದು ವರದಿ ಕೊಟ್ಟಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ, ಯಾವುದೇ ರೋಗಕ್ಕೆ ಇದು ಪರಿಣಾಮಕಾರಿ ಎನ್ನಲು ನಂಬತಕ್ಕ ಪುರಾವೆಯಿಲ್ಲ ಎಂದಿತು. ವಿಜ್ಞಾನ ಲೋಕದ ಬಹುಮತ ಇಂದಿಗೂ ಅದೇ ಆಗಿದೆ. ನಮ್ಮವರಲ್ಲಿ ಅನೇಕರು ಈ ವರದಿಗಳ ವಿಧಾನವನ್ನು ಒಪ್ಪುವುದಿಲ್ಲ, ಚಿಕಿತ್ಸಾಲಯದ ಅನುಭವವನ್ನು ಮುಂದಿಡುತ್ತಾರೆ. ಆದರೆ ಯಾರು ಏನೇ ನಂಬಲಿ, ಈ ವಾದ ಹೀಗಿದೆ ಎಂಬುದನ್ನು ವಿದ್ಯಾರ್ಥಿ ಮೊದಲ ವರ್ಷದಲ್ಲೇ ಅಧ್ಯಾಪಕರ ಬಾಯಿಂದ ಕೇಳಬೇಕು, ಪದವಿ ಮುಗಿಸಿದ ಮೇಲೆ ಯಾರದೋ ಅಪಹಾಸ್ಯದ ಮೂಲಕ ಕೇಳಬಾರದು. ಔಷಧದ ಶಕ್ತಿಯ ಬಗ್ಗೆ ಇಷ್ಟು ದೊಡ್ಡ ಪ್ರಶ್ನೆ ಇರುವಾಗ, ರೋಗವನ್ನು ಗುರುತಿಸುವ ಮತ್ತು ಬೇರೆಡೆಗೆ ಕಳಿಸುವ ಸಾಮರ್ಥ್ಯದಲ್ಲಿ ಹೋಮಿಯೋಪಥಿ ವೈದ್ಯನಿಗೆ ರಿಯಾಯಿತಿ ಇರುವುದು ಸಾಧ್ಯವಿಲ್ಲ. ಅವನಿಗೆ ಆ ಸಾಮರ್ಥ್ಯ ಇತರರಿಗಿಂತ ಹೆಚ್ಚೇ ಬೇಕು.

ತರಬೇತಿಯಲ್ಲಿ ನಿಜಕ್ಕೂ ಬೆಲೆಯುಳ್ಳ ಭಾಗವೊಂದಿದ್ದರೆ ಅದು ಕೇಸ್ ಟೇಕಿಂಗ್, ಅಂದರೆ ರೋಗಿಯ ತೊಂದರೆಯನ್ನು ವಿವರವಾಗಿ ಕೇಳಿ ಬರೆದುಕೊಳ್ಳುವುದು. ಆರ್ಗನನ್‌ನ 83ನೆಯ ಸೂತ್ರದಿಂದ 104ರವರೆಗೆ ಹೋಮಿಯೋಪಥಿಯ ಸ್ಥಾಪಕ ಹಾನಿಮನ್ ಹೇಳುವುದು ಇದನ್ನೇ. ರೋಗಿ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಬರುವಂತೆ ಕೇಳಬೇಡಿ, ಅವರು ಬಳಸಿದ ಮಾತುಗಳಲ್ಲೇ ಬರೆದುಕೊಳ್ಳಿ ಎಂಬ ಸೂಚನೆಗಳು ಎರಡು ಶತಮಾನ ಕಳೆದರೂ ಹಳತಾಗಿಲ್ಲ. ತಲೆನೋವು ಎಂದವರಿಗೆ ಎಲ್ಲಿ, ಯಾವ ಹೊತ್ತಿಗೆ, ಬಿಸಿಲಿಗೆ ಹೆಚ್ಚೋ ಹಸಿದಾಗ ಹೆಚ್ಚೋ, ಒತ್ತಿ ಹಿಡಿದರೆ ಹಾಯೆನಿಸುವುದೋ ಎಂದು ಕೇಳುತ್ತ ಅರ್ಧ ಗಂಟೆ ಕೂರುವ ಅಭ್ಯಾಸ ಮೂರನೆಯ ವರ್ಷದ ಹುಡುಗಿಗೆ ಬಂದುಬಿಟ್ಟರೆ, ನೂಕುನುಗ್ಗಲಿನ ಒಪಿಡಿಗಳಲ್ಲಿ ಎರಡೇ ನಿಮಿಷ ಸಿಗುವ ರೋಗಿ ಇನ್ನೆಲ್ಲೂ ಹೇಳದಿದ್ದ ಸಂಗತಿಯನ್ನು ಅವಳ ಮುಂದೆ ಹೇಳುತ್ತಾರೆ. ತೊಂದರೆ ಶುರುವಾಗುವುದು ಆಮೇಲೆ. ಬರೆದುಕೊಂಡದ್ದೆಲ್ಲ ರೂಬ್ರಿಕ್ (ರೆಪರ್ಟರಿಯಲ್ಲಿ ಲಕ್ಷಣದ ಶೀರ್ಷಿಕೆ) ಹುಡುಕಲು ಬಳಕೆಯಾಗಿ, ರೋಗನಿದಾನಕ್ಕೆ ಬಳಕೆಯಾಗದೆ ಉಳಿಯುತ್ತದೆ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು, ಬೆಳಗಿನ ವಾಂತಿಯೊಂದಿಗೆ ಬರುವ ತಲೆನೋವು, ಇವು ರೆಪರ್ಟರಿ ತೆರೆಯುವ ಮೊದಲು ಸ್ಕ್ಯಾನಿಂಗ್‌ಗೆ ಕಳಿಸಬೇಕಾದ ಲಕ್ಷಣಗಳು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಾನು ಔಷಧದ ಹೆಸರನ್ನು ಕೊನೆಗೆ ಕೇಳುತ್ತೇನೆ. ಇದು ಏನಾಗಿರಬಹುದು, ಏನಾಗಿದ್ದರೆ ರೋಗಿಯನ್ನು ನೀನೇ ಇಟ್ಟುಕೊಳ್ಳದೆ ಬೇರೆಡೆಗೆ ಕಳಿಸುವೆ ಎಂಬೆರಡು ಪ್ರಶ್ನೆಗಳಿಗೆ ಉತ್ತರ ಬರದಿದ್ದರೆ ಔಷಧ ಸರಿಯಾಗಿದ್ದೂ ಪ್ರಯೋಜನವಿಲ್ಲ.

ಡೆಂಗೆಯನ್ನೇ ನೋಡಿ. ಮಳೆಗಾಲ ಬಂತೆಂದರೆ ನಮ್ಮ ಊರುಗಳ ಪ್ರತಿ ಚಿಕಿತ್ಸಾಲಯಕ್ಕೂ ಬರುವ ಜ್ವರವಿದು. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ, ಅಪಾಯದ ಘಟ್ಟ ಬರುವುದೂ ಆಗಲೇ. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು, ಪ್ಲೇಟ್‌ಲೆಟ್ ತಳ ಮುಟ್ಟುವುದು ಈ ಅವಧಿಯಲ್ಲೇ. ಗುಳಿಗೆ ಕೊಟ್ಟ ಮರುದಿನ ಜ್ವರ ಬಿಟ್ಟಿತೆಂದರೆ ಹೊಸ ವೈದ್ಯನಿಗೆ ತನ್ನ ಆಯ್ಕೆ ಫಲಿಸಿತೆಂಬ ಸಂತೋಷ, ಮನೆಯವರಿಗೆ ನೆಮ್ಮದಿ. ಅದೇ ಹೊತ್ತಿಗೆ ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಾಣಿಸಿದರೆ ಅದು ಆಸ್ಪತ್ರೆಗೆ ಓಡಬೇಕಾದ ಗಳಿಗೆ. ನಮ್ಮ ಶಾಸ್ತ್ರದಲ್ಲಿ ಅಗ್ರವೇಶನ್ ಎಂಬ ಕಲ್ಪನೆಯೊಂದಿದೆ: ಸರಿಯಾದ ಔಷಧ ಬಿದ್ದಾಗ ಲಕ್ಷಣಗಳು ಮೊದಲು ತುಸು ಕೆರಳಿ ಆಮೇಲೆ ಇಳಿಯುತ್ತವೆ ಎಂಬ ನಂಬಿಕೆ. ಅನುಭವವಿಲ್ಲದವನ ಕೈಯಲ್ಲಿ ಇದಕ್ಕಿಂತ ಅಪಾಯಕಾರಿ ವಿಚಾರ ಇನ್ನೊಂದಿಲ್ಲ. ರೋಗ ಉಲ್ಬಣಿಸುತ್ತಿರುವುದನ್ನೇ ಗುಣವಾಗುವ ಸೂಚನೆಯೆಂದು ಓದಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಎಚ್‌ಐವಿ, ಕ್ಷಯ, ಮಲೇರಿಯಾ, ಇನ್‌ಫ್ಲುಯೆಂಜಾ, ಶಿಶುಗಳ ಅತಿಸಾರ ಇವುಗಳಿಗೆ ಹೋಮಿಯೋಪಥಿಯನ್ನು ನೆಚ್ಚಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಎಚ್ಚರಿಸಿದ್ದನ್ನು ಪ್ರತಿ ಇಂಟರ್ನ್ ತಿಳಿದಿರಬೇಕು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆಗೆ ಕಳಿಸುವುದು, ಲಸಿಕೆ ಹಾಕಿಸಬೇಕೇ ಎಂದು ತಾಯಿ ಕೇಳಿದರೆ ಹಾಕಿಸಿ ಎನ್ನುವುದು ಯಾವ ಪದ್ಧತಿಯ ಗೌರವಕ್ಕೂ ಕುಂದು ತರುವ ಸಂಗತಿಗಳಲ್ಲ.

ಆದ್ದರಿಂದ ಕಾಲೇಜು ಆರಿಸುವವರಿಗೆ ನಾನು ಹೇಳುವುದಿಷ್ಟು. ಕಟ್ಟಡವನ್ನೂ ಫಲಿತಾಂಶದ ಫ್ಲೆಕ್ಸ್ ಬೋರ್ಡನ್ನೂ ನೋಡುವ ಬದಲು ಒಂದು ಸಾಮಾನ್ಯ ದಿನ, ತಪಾಸಣೆಯ ತಂಡ ಬರುವ ದಿನವಲ್ಲ, ಬೆಳಗ್ಗೆ ಹನ್ನೊಂದಕ್ಕೆ ಅದರ ಆಸ್ಪತ್ರೆಗೆ ಹೋಗಿ ಸುಮ್ಮನೆ ಕುಳಿತುಕೊಳ್ಳಿ. ಒಪಿಡಿಯಲ್ಲಿ ಎಷ್ಟು ಜನ ಬರುತ್ತಾರೆ, ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ, ಲ್ಯಾಬ್ ನಡೆಯುತ್ತಿದೆಯೇ, ಅಲೋಪಥಿಯ ದೊಡ್ಡ ಆಸ್ಪತ್ರೆಯೊಂದರ ಜೊತೆ ಒಪ್ಪಂದವಿದ್ದು ವಿದ್ಯಾರ್ಥಿಗಳು ಅಲ್ಲಿನ ವಾರ್ಡುಗಳಿಗೆ ನಿಜವಾಗಿ ಹೋಗುತ್ತಾರೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ಇಂಟರ್ನ್‌ಶಿಪ್ ವರ್ಷವನ್ನು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ತಯಾರಿಗೆ ಮೀಸಲಿಟ್ಟು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೊರಟುಬಿಡುವ ರೂಢಿ ಹಲವು ಕಡೆ ಇದೆ. ಆ ಪರೀಕ್ಷೆ, ಅಂದರೆ ಎಐಎಪಿಜಿಇಟಿ, ಆಮೇಲೂ ಬರೆಯಬಹುದು. ಅನುಭವಿ ವೈದ್ಯರೊಬ್ಬರ ಪಕ್ಕದಲ್ಲಿ ನಿಂತು ತಪ್ಪಿದರೆ ತಿದ್ದಿಸಿಕೊಳ್ಳುವ ಅವಕಾಶ ಮಾತ್ರ ಆ 12 ತಿಂಗಳ ಆಚೆಗೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮೂರು ವರ್ಷದ ಎಂ.ಡಿ. ಮಾಡುವವರಿಗೆ ಮನೋವೈದ್ಯಶಾಸ್ತ್ರ, ಮಕ್ಕಳ ವಿಭಾಗ, ಪ್ರಾಕ್ಟೀಸ್ ಆಫ್ ಮೆಡಿಸಿನ್ ಇಂಥ ಆಯ್ಕೆಗಳಿವೆ. ಪಾಠ ಮಾಡುವ ಆಸೆಯುಳ್ಳವರಿಗೆ ಅದು ಬೇಕೇ ಬೇಕು.

ಪದವಿ ಕೈಗೆ ಬಂದ ಮಾತ್ರಕ್ಕೆ ಚಿಕಿತ್ಸೆ ಮಾಡುವ ಹಕ್ಕು ಬರುವುದಿಲ್ಲ. ರಾಜ್ಯದಲ್ಲಿ 1961ರ ಹೋಮಿಯೋಪಥಿ ವೈದ್ಯರ ಕಾಯ್ದೆಯಡಿ ಇರುವ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ನೋಂದಣಿ ಸಂಖ್ಯೆ ಪಡೆಯಬೇಕು. 2020ರ ಕಾಯ್ದೆ ಇದಕ್ಕೆ ರಾಷ್ಟ್ರೀಯ ಎಕ್ಸಿಟ್ ಪರೀಕ್ಷೆಯನ್ನೂ ಸೇರಿಸಿದೆ. ಈಗ ಸೇರುವವರು ಅದನ್ನು ಎದುರಿಸುವ ಲೆಕ್ಕದಲ್ಲೇ ಓದುವುದು ವಿವೇಕ. ಸ್ವಂತ ಚಿಕಿತ್ಸಾಲಯ ತೆರೆಯುವವರು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿಯಲ್ಲಿ ಅದನ್ನೂ ನೋಂದಾಯಿಸಬೇಕು. ಅಂಚೆ ಮೂಲಕ ಅಥವಾ ಆನ್‌ಲೈನ್‌ನಲ್ಲಿ ಆರು ತಿಂಗಳಿಗೆ ಸಿಗುವ ಸರ್ಟಿಫಿಕೇಟುಗಳಿಂದ ಈ ನೋಂದಣಿ ಸಿಗುವುದಿಲ್ಲ. ಎಲೆಕ್ಟ್ರೋ ಹೋಮಿಯೋಪಥಿ ಎಂಬುದು ಹೆಸರು ಹೋಲುವ ಬೇರೆಯೇ ಪದ್ಧತಿ, ಅದರ ಡಿಪ್ಲೊಮಾ ಹಿಡಿದು ಹೋಮಿಯೋಪಥಿ ವೈದ್ಯರೆಂದು ಫಲಕ ಹಾಕುವಂತಿಲ್ಲ. ಹೊರದೇಶದ ಆಸೆಯಿದ್ದರೆ ಆಯಾ ದೇಶದ ಕಾನೂನು ನೋಡಿಕೊಳ್ಳಬೇಕು. ದುಬೈಯಲ್ಲಿ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪರವಾನಗಿ ಪಡೆದು ಹೋಮಿಯೋಪಥಿ ಮಾಡಲು ದಾರಿಯಿದೆ, ಬ್ರಿಟನ್ ಅಮೆರಿಕಗಳಲ್ಲಿ ಈ ಪದವಿಯಿಂದ ವೈದ್ಯರೆಂಬ ಪರವಾನಗಿ ಸಿಗುವುದಿಲ್ಲ.

ಇನ್ನು ಉಳಿದದ್ದು ಎಲ್ಲರಿಗೂ ಗೊತ್ತಿದ್ದೂ ಯಾರೂ ತೆರೆದು ಮಾತಾಡದ ವಿಷಯ. ನಮ್ಮ ಪದವೀಧರರಲ್ಲಿ ಹಲವರು ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರಾಗಿ ಸೇರುತ್ತಾರೆ. ಎಂಬಿಬಿಎಸ್ ವೈದ್ಯರಿಗಿಂತ ಕಡಿಮೆ ಸಂಬಳಕ್ಕೆ ಸಿಗುತ್ತಾರೆ ಎಂಬುದೇ ಅದಕ್ಕೆ ಕಾರಣ. ಅಲ್ಲಿ ಅವರು ಆಂಟಿಬಯಾಟಿಕ್ ಬರೆಯುತ್ತಾರೆ, ಡ್ರಿಪ್ ಹಾಕಿಸುತ್ತಾರೆ, ಬೆಳಗ್ಗೆ ಹಿರಿಯ ವೈದ್ಯರು ಬಂದು ಕೇಸ್ ಶೀಟಿಗೆ ಸಹಿ ಮಾಡುತ್ತಾರೆ. ಎಲ್ಲ ಸುಸೂತ್ರವಾಗಿ ನಡೆಯುವವರೆಗೆ ಯಾರೂ ಕೇಳುವುದಿಲ್ಲ. ಹೋಮಿಯೋಪಥಿಯಲ್ಲಿ ಮಾತ್ರ ನೋಂದಣಿಯಿದ್ದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟು, ಆ ರೋಗಿ ಮೃತಪಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿದೆ: ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವವನು ನಕಲಿ ವೈದ್ಯ, ಹಾಗೆ ಮಾಡಿದ್ದೇ ನಿರ್ಲಕ್ಷ್ಯ, ಅದಕ್ಕೆ ಬೇರೆ ಪುರಾವೆ ಬೇಕಿಲ್ಲ. ಮಹಾರಾಷ್ಟ್ರದಲ್ಲಿ ಹೋಮಿಯೋಪಥಿಯವರಿಗಾಗಿ ಆಧುನಿಕ ಔಷಧಶಾಸ್ತ್ರದ ಒಂದು ವರ್ಷದ ಕೋರ್ಸ್ ತಂದು ಕಾನೂನನ್ನೂ ತಿದ್ದಿದ್ದಾರೆ, ಅದರ ಬಗ್ಗೆ ವಿವಾದವೂ ನಡೆದಿದೆ. ಅಲ್ಲಿನ ಕೋರ್ಸ್ ಮಾಡಿಕೊಂಡು ಬಂದು ಇಲ್ಲಿ ಅಲೋಪಥಿ ಔಷಧ ಬರೆಯಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂಥ ಕೆಲಸಕ್ಕೆ ಸೇರಲೇಬೇಕಾದ ಅನಿವಾರ್ಯತೆ ಬಂದರೆ, ನೇಮಕಾತಿ ಪತ್ರದಲ್ಲಿ ನಿಮ್ಮ ಹುದ್ದೆ ಯಾವುದು, ಕರ್ತವ್ಯಗಳೇನು, ರಾತ್ರಿ ಯಾವ ನೋಂದಾಯಿತ ಎಂಬಿಬಿಎಸ್ ವೈದ್ಯರು ಆಸ್ಪತ್ರೆಯಲ್ಲೇ ಇರುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಬರೆದುಕೊಡಲು ಆಡಳಿತ ಹಿಂದೇಟು ಹಾಕಿದರೆ ಆ ಕೆಲಸ ಬೇಡ.